ಒಗ್ಗರಣಿ ಬಂದಾಗ ಓದಿದ ವಿಷಯ

ಪುರಸಭೆಯ ಸಭಾ ಶಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದು, "ಅಕ್ಕೋರೆ, ಸಭಿ ನಡಾವಳಿ ಹೆಂಗ ಬರೀಬೇಕ್ರಿ?" ಎಂದು ಕೇಳಿದಳು.

"ಅದಕ್ಕ ಮಾದರಿ ಅದ ಅಲ್ಲವ್ವಾ ಕಂಪ್ಯೂಟರಿನ್ಯಾಗ?" ಎಂದೆ.

"ಮಾದರಿ ಅದ್ರಿ. ಆದ್ರ ಅದ್ರಾಗ ಬರಿಯೋದಕ್ಕೂ ಅಲ್ಲಿ ನಡಿಯೋದಕ್ಕೂ ಸಂಬಂಧನ ಇಲ್ರೀ" ಎಂದಳು. ಹುಡುಗಿ ಚುರುಕಿದ್ದಾಳೆ, ಇಲಾಖೆಯಲ್ಲಿ ಬಾಳಿಕೆ ಬರುತ್ತಾಳೆ ಅನ್ನಿಸಿತು. ಅಂದು ಅವಳಿಗೆ ಚಹಾ ಕುಡಿಸಿ ಕಳಿಸಿದೆ. ಬಾಯಲ್ಲಿ ಹೇಳಲಾಗದೆ ಉಳಿದದ್ದನ್ನು ಈಗ ಬರೆಯಲು ಕೂತಿದ್ದೇನೆ. ಅವಳೂ ಓದಲಿ, ಅವಳಂಥವರೂ ಓದಲಿ.

ನನ್ನ ಊರು ಮಟಮಾರಿ. ಅಪ್ಪ ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿದವರು. ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ನನ್ನ ಪುಸ್ತಕದ ಗಂಟು, ಅಷ್ಟೇ ನಮ್ಮ ಮನೆಯ ಸಿಂಗಾರ. ನಮ್ಮ ಓಣಿಯಿಂದ ಸರ್ಕಾರಿ ನೌಕರಿಗೆ ಹೋದ ಮೊದಲ ಹೆಣ್ಣುಮಗಳು ನಾನೇ. ರಾಯಚೂರು, ದೇವದುರ್ಗ, ಮಾನ್ವಿ ಎಂದು ಆ ಕಡೆ ಈ ಕಡೆ ವರ್ಗವಾಗುತ್ತಲೇ ಸೇವೆ ಮುಗಿಯಿತು. ಬಡ್ತಿಯ ಕಥೆ ಹೇಳುವುದಿಲ್ಲ. ಎಲ್ಲರಿಗೂ ಬಂದ ಹಾಗೆ ತಡವಾಗಿ ಬಂತು, ಬಂದಾಗ ಪೇಢೆ ಹಂಚಿದೆ, ಮುಗಿಯಿತು. ಕೆಳಗೆ ಬರುವ ಸಂಗತಿ ಯಾವ ಊರಿನದು ಎಂದೂ ಹೇಳುವುದಿಲ್ಲ. ಹೇಳಿದರೆ ಅಂದಿನ ಸದಸ್ಯರು "ಅದ್ರಾಗ ಬರಿದಿದ್ದು ನನ್ನ ಬಗ್ಗೆನ ಏನ್ರಿ?" ಎಂದು ಬಾಗಿಲಿಗೆ ಬರುತ್ತಾರೆ. ನಮ್ಮ ಸೀಮೆಯ ಒಂದು ಸಣ್ಣ ಊರು ಎಂದಷ್ಟೇ ತಿಳಿಯಿರಿ. ಒಂದು ಬಸ್ ನಿಲ್ದಾಣ, ಊರ ಹೊರಗೆ ಹತ್ತಿ ಮಿಲ್ಲುಗಳು, ಅಕ್ಕಿ ಮಿಲ್ಲುಗಳು, ನಡುವೆ ನಮ್ಮ ಪುರಸಭೆ.

ಅದಕ್ಕೂ ಮುಂಚೆ, ನೌಕರಿಗೆ ಸೇರಿದ ಹೊಸದರಲ್ಲಿ ಬೇರೆ ಊರಿನ ಮಾತು. ಮೊದಲ ಸಭೆಯಲ್ಲಿ ನಾನು ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಂಡಿದ್ದೆ. ನಳದ ನೀರಿನ ವಿಷಯ ಬಂದಾಗ ಒಬ್ಬ ಸದಸ್ಯರು ಇನ್ನೊಬ್ಬರಿಗೆ, "ನಳ ಏನು ನಿಮ್ಮಪ್ಪ ಹಾಕ್ಸ್ಯಾನೇನಲೇ?" ಎಂದರು. ಅವರು ಎದ್ದು ನಿಂತು, "ಹೌದಲೇ, ನಮ್ಮಪ್ಪನ ಹಾಕ್ಸ್ಯಾನ. ಆಗ ಅಧ್ಯಕ್ಷ ಅವನ ಇದ್ದ" ಎಂದರು. ಎರಡನ್ನೂ ದುಂಡಗಿನ ಅಕ್ಷರದಲ್ಲಿ ಬರೆದು ಹೆಡ್ ಗುಮಾಸ್ತ ಗುರುಬಸಯ್ಯನವರ ಮೇಜಿನ ಮೇಲಿಟ್ಟೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ, ಮುಖದಲ್ಲಿ ಎಂದೂ ನಗು ಇಲ್ಲದ ಮನುಷ್ಯ. ಅಂದು ಮಾತ್ರ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

"ಯವ್ವಾ, ಇದು ನಾಟಕ ಕಂಪನಿ ಅಲ್ಲ. ಹಿಂಗ ಬರಿ: ಸದರಿ ವಿಷಯದ ಬಗ್ಗೆ ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು."

"ಬಡಿದಾಡಿದ್ರಲ್ರೀ ಸರ್?"

"ಸುದೀರ್ಘ ಚರ್ಚಿ ಅಂದ್ರ ಮತ್ತೇನು ತಿಳ್ಕೊಂಡೀ?"

ನಡಾವಳಿಯ ಭಾಷೆ ಕಲಿತದ್ದು ಹಾಗೆ. ಆದರೆ ಗುರುಬಸಯ್ಯನವರು ಕಲಿಸಿದ ನಿಜವಾದ ವಿದ್ಯೆ ಬೇರೆ ಇದೆ. ಅದು ಒಗ್ಗರಣಿಯ ವಿದ್ಯೆ. ನಮ್ಮ ಕಡೆ ಸಭೆ ಎಂದರೆ ಒಗ್ಗರಣಿ ಮಿರ್ಚಿ ಬರಲೇಬೇಕು. ಮಂಡಾಳು ಅಂದರೆ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ ಒಗ್ಗರಣೆ ಹಾಕಿ, ಮೇಲೆ ಪುಠಾಣಿ, ಅಂದರೆ ಹುರಿಗಡಲೆಯ ಪುಡಿ ಉದುರಿಸಿ, ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ ಇಟ್ಟು ಕೊಡುವ ತಟ್ಟೆ ಅದು. ಬರುವ ತನಕ ಸದಸ್ಯರೆಲ್ಲ ಹುಲಿಗಳು. ಬಂದ ಮೇಲೆ ಭಜಿಯ ಖಾರಕ್ಕೆ ಕಣ್ಣಲ್ಲಿ ನೀರು, ಬಾಯಲ್ಲಿ ಮಂಡಾಳು. ಆ ಹೊತ್ತಿಗೆ ಏನು ಓದಿದರೂ ಎಡಗೈ ಎತ್ತಿ "ಆತು, ಮುಂದ" ಎನ್ನುತ್ತಾರೆ.

"ಕಗ್ಗಂಟಿನ ವಿಷಯ ಇದ್ರ ಮಂದಿ ಬಾಯಿ ತುಂಬಿದಾಗ ಓದಬೇಕವ್ವಾ. ಖಾಲಿ ಬಾಯಿ ಕೆಟ್ಟದ್ದು" ಎನ್ನುತ್ತಿದ್ದರು ಗುರುಬಸಯ್ಯ.

ಇದನ್ನು ಕೇಳಿ ಮೂಗು ಮುರಿಯಬೇಡಿ. ಒಳ್ಳೆಯ ಕೆಲಸಕ್ಕೂ ಈ ವಿದ್ಯೆ ಬಂದಿದೆ. ಬೆಳಗಾಗುವ ಮುಂಚೆ ರಸ್ತೆ ಗುಡಿಸುವ ಹೆಣ್ಣುಮಕ್ಕಳಿಗೆ ಸೀರೆ ಬದಲಿಸಲು, ಕೈಕಾಲು ತೊಳೆಯಲು ಒಂದು ಕೋಣೆ ಬೇಕೆಂಬ ವಿಷಯ ಸಭೆಯಿಂದ ಸಭೆಗೆ ಮುಂದಕ್ಕೆ ಹೋಗುತ್ತಲೇ ಇತ್ತು. ಪ್ರತಿ ಸಲ ಯಾರೋ ಒಬ್ಬರು "ಅವರಿಗ್ಯಾಕ ಕೋಣಿ, ಮನಿ ಇಲ್ಲೇನು?" ಎನ್ನುವರು. ಒಂದು ದಿನ ಅದನ್ನು ಸರಿಯಾಗಿ ಎರಡನೇ ಭಜಿ ಕಚ್ಚುವ ಹೊತ್ತಿಗೆ ಓದಿದೆ. "ಆತು, ಮುಂದ" ಎಂದರು. ಕೋಣೆ ಎದ್ದಿತು, ಈಗಲೂ ಇದೆ. ಆ ದಿನ ಮನೆಗೆ ಹೋಗುವಾಗ ನನಗಾದ ಖುಷಿ ಬಡ್ತಿ ಬಂದಾಗಲೂ ಆಗಿರಲಿಲ್ಲ.

ಇನ್ನು ಬೆಂಕಿ ತಂಡದ ಮಾತು. ಮೊದಲು ಹೇಳಿದ ಆ ಸಣ್ಣ ಊರಿಗೆ ನಾನು ವರ್ಗವಾಗಿ ಹೋದಾಗ ತಾಲೂಕಿಗೆಲ್ಲ ಅಗ್ನಿಶಾಮಕ ಬಂಡಿ ಒಂದೇ. ಬೇಸಿಗೆಯಲ್ಲಿ ಅದು ಒಂದು ತುದಿಗೆ ಹೋದರೆ ಇನ್ನೊಂದು ತುದಿಯಲ್ಲಿ ಬಣವಿ ಹೊತ್ತಿಕೊಳ್ಳುತ್ತಿತ್ತು. ಒಂದು ಸಲ ಊರ ಹೊರಗಿನ ಹತ್ತಿ ರಾಶಿಗೆ ಬೆಂಕಿ ಬಿದ್ದು, ಬಂಡಿ ಬರುವಷ್ಟರಲ್ಲಿ ಬೂದಿಯಷ್ಟೇ ಉಳಿಯಿತು. ಆಗ ಊರವರೇ ಒಂದು ತಂಡ ಕಟ್ಟಿಕೊಂಡರು. ಪುರಸಭೆಯ ನೀರಿನ ಟ್ಯಾಂಕರ್ ಓಡಿಸುವ ಖಾಜಾಸಾಬ್, ಬಸ್ ನಿಲ್ದಾಣದ ಎದುರು ಒಗ್ಗರಣಿ ಹೋಟೆಲ್ ಇಟ್ಟಿದ್ದ ಶರಣಪ್ಪ, ಇವರಿಬ್ಬರೇ ಮುಂದಾಳುಗಳು. ಉಳಿದವರು ಮಿಲ್ಲಿನ ಹಮಾಲರು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬೆಂಕಿ ಆರಿಸುವ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಬಂದು ಪೈಪು ಹಿಡಿಯುವುದು, ಗಾಳಿ ನೋಡಿ ನಿಲ್ಲುವುದು ಕಲಿಸಿಕೊಟ್ಟು ಹೋದರು. ಟ್ಯಾಂಕರ್ ಪುರಸಭೆಯದಾದ್ದರಿಂದ ತಂಡದ ಸಭೆಗೆ ನಮ್ಮ ಕಡೆಯಿಂದ ಒಬ್ಬರು ಹೋಗಬೇಕಿತ್ತು. ಭಾನುವಾರ ಯಾರು ಹೋಗುತ್ತಾರೆ? ನನ್ನನ್ನು ಕಳಿಸಿದರು.

ತಂಡಕ್ಕೆ ಮೊದಲು ಬಂದ ತೊಡಕು ಫೋನಿನದು. ಬೆಂಕಿ ಬಿದ್ದವರು ಕರೆ ಮಾಡಲು ಒಂದು ನಂಬರ್ ಬೇಕು. ಖಾಜಾಸಾಬರ ಹತ್ತಿರ ಕೊಟ್ಟರೆ ಟ್ಯಾಂಕರಿನ ಸದ್ದಿಗೆ ಕೇಳಿಸದು. ಶರಣಪ್ಪನ ಹತ್ತಿರ ಕೊಟ್ಟರೆ ಬಾಣಲೆ ಮುಂದೆ ನಿಂತವನ ಕೈಯೆಲ್ಲ ಹಿಟ್ಟು. ಹಮಾಲರ ಬೆನ್ನ ಮೇಲೆ ಹತ್ತಿ ತುಂಬಿದ ಅಂಡಿಗೆ. ಕೊನೆಗೆ ಖಾಜಾಸಾಬರೇ ದಾರಿ ಹುಡುಕಿದರು. "ಊರಾಗ ಗದ್ದಲ ಇಲ್ಲದ ಜಾಗಾ ಒಂದೇ ಅದ. ಲೈಬ್ರರಿ" ಎಂದರು.

ಗ್ರಂಥಾಲಯ ಇದ್ದದ್ದು ಬಸ್ ನಿಲ್ದಾಣದ ಪಕ್ಕದ ಪುರಸಭೆಯ ಕಟ್ಟಡದಲ್ಲಿ. ಅದರ ಓದುವ ಕೋಣೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಹುಡುಗಿಯರು. ಸುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು, ಬುತ್ತಿ ಬಿಚ್ಚಿ ಉಂಡು, ಸರ್ಕಾರಿ ಪರೀಕ್ಷೆಗಳಿಗೆ ಓದಿ, ಸಂಜೆ ಬಸ್ಸಿಗೆ ಹೋಗುವವರು. ಹೆಚ್ಚಿನವರು ಕೂಲಿಯವರ ಮಕ್ಕಳು. ಬಸ್ಸಿಳಿದರೆ ಕೋಣೆ, ಕೋಣೆಯಿಂದ ಎದ್ದರೆ ಬಸ್ಸು ಎಂಬ ಧೈರ್ಯಕ್ಕೆ ಮನೆಯವರು ಕಳಿಸುತ್ತಿದ್ದರು. ನಾನು ಓದುವಾಗ ಇಂಥದೊಂದು ಕೋಣೆ ನನಗೆ ಇರಲಿಲ್ಲ. ಆ ಕೋಣೆಯ ಬಾಗಿಲಲ್ಲಿ ನಿಂತಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು.

ಗ್ರಂಥಪಾಲಕಿ ಪದ್ಮಾವತಿ ಫೋನ್ ಇಟ್ಟುಕೊಳ್ಳಲು ಒಪ್ಪಿದಳು. ಹುಡುಗಿಯರು ಪಾಳಿ ಹಾಕಿಕೊಂಡರು. ಕರೆ ಬಂದರೆ ಒಬ್ಬಳು ಎತ್ತಿ ಎಲ್ಲಿ, ಏನು, ಒಳಗೆ ಯಾರಿದ್ದಾರೆ ಎಂದು ಕೇಳುವುದು. ಉಳಿದವರು ತಮ್ಮ ತಮ್ಮ ಮೊಬೈಲಿನಿಂದ ತಂಡದ ಒಬ್ಬೊಬ್ಬರಿಗೆ ಬಿಡದೆ ರಿಂಗ್ ಮಾಡುವುದು. ಒಬ್ಬಳು ಎದುರಿನ ನೀರಿನ ಟಾಕಿಯ ಹತ್ತಿರ ಓಡಿ ಖಾಜಾಸಾಬರಿಗೆ ಹೇಳುವುದು. ಬಣವಿಗಳು ಉಳಿಯತೊಡಗಿದವು, ಒಂದೆರಡು ಮನೆಗಳೂ ಉಳಿದವು.

ಪದ್ಮಾವತಿಯ ಶರತ್ತು ಒಂದೇ. ತಂಡದ ಸಭೆಯೂ ಅಲ್ಲೇ ಆಗಲಿ, ಆದರೆ ಪಿಸುಮಾತಿನಲ್ಲಿ. ಖಾಜಾಸಾಬರ ಗಂಟಲು ಅರ್ಧ ಊರಿಗೆ ಕೇಳುವಂಥದು. ಅವರು ಬಾಯಿ ತೆಗೆದರೆ ಪದ್ಮಾವತಿ ಮೇಜು ತಟ್ಟುತ್ತಿದ್ದಳು. ಪಾಪ, ಜಗಳವನ್ನೂ ಪಿಸುಗುಟ್ಟಿಯೇ ಆಡುತ್ತಿದ್ದರು. "ನೀ ಅವತ್ತು ಪೈಪ್ ಬಿಟ್ಟು ಓಡಿದಿ" ಎಂದು ಶರಣಪ್ಪ ಪಿಸುಗುಟ್ಟಿದರೆ, "ಓಡಿಲ್ಲಲೇ, ನೀರು ಬಿಡಾಕ ಹೋಗಿದ್ದೆ" ಎಂದು ಖಾಜಾಸಾಬರು ಕೆಂಪಗಾಗಿ ಪಿಸುಗುಟ್ಟುವರು. ಪಿಸುಮಾತು ಕೇಳಬೇಕಾದರೆ ಉಳಿದವರು ಸುಮ್ಮನಿರಬೇಕಲ್ಲ, ಸುಮ್ಮನಿರುತ್ತಿದ್ದರು. ನನ್ನ ಇಡೀ ಸೇವೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಿದ ಸಭೆಗಳನ್ನು ಅಲ್ಲೇ ಕಂಡೆ. ಆದರೆ ನಮ್ಮ ಸದಸ್ಯರಲ್ಲಿ ಒಬ್ಬರೂ ಆ ಕಡೆ ತಲೆ ಹಾಕಿದವರಲ್ಲ. ತಂಡ ಇದೆ ಎಂದು ಗೊತ್ತು, ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲ.

ಹೀಗಿರುವಾಗ ಅಧ್ಯಕ್ಷ ವೀರನಗೌಡರು ನನ್ನನ್ನು ಕರೆಸಿದರು. ಅಕ್ಕಿ ಮಿಲ್ಲಿನ ಮಾಲೀಕರು, ಮೆತ್ತನೆಯ ಮನುಷ್ಯ. ಪಕ್ಕದ ಕುರ್ಚಿಯಲ್ಲಿ ಅವರ ಸೋದರಮಾವ ಕೂತಿದ್ದರು. ತಂದೆ ಇಲ್ಲದ ಗೌಡರನ್ನು ಸಾಕಿ ಬೆಳೆಸಿದ ಹಿರಿಯರು. ಅವರ ಮುಂದೆ ಗೌಡರು ಅಧ್ಯಕ್ಷರಾದ ಮೇಲೂ ಕಾಲ ಮೇಲೆ ಕಾಲು ಹಾಕುತ್ತಿರಲಿಲ್ಲ. ವಿಷಯ ಇಷ್ಟು: ಓದುವ ಕೋಣೆಯನ್ನು ಬೆಂಕಿ ತಂಡಕ್ಕೆ ಕೊಡುವುದು, ಮುಂದಿನ ಗೋಡೆ ಒಡೆದು ಟ್ಯಾಂಕರ್ ಅಲ್ಲೇ ನಿಲ್ಲಿಸುವುದು, ಗ್ರಂಥಾಲಯವನ್ನು ಊರ ಆಚೆ ತುದಿಯ ಹಳೇ ಕಟ್ಟಡದ ಮಹಡಿಗೆ ಒಯ್ಯುವುದು. ಕೇಳಲು ಚೆನ್ನಾಗಿಯೇ ಇತ್ತು. ಬೆಂಕಿ ಆರಿಸುವವರಿಗೆ ಜಾಗ ಬೇಡವೆಂದು ಯಾರು ಹೇಳುತ್ತಾರೆ? ಆದರೆ ಗ್ರಂಥಾಲಯದ ಹಿಂದೆಯೇ ಮಾವನವರ ಗೊಬ್ಬರದ ಗೋದಾಮು ಇತ್ತು. ಗೋಡೆ ಒಡೆದರೆ ಅವರ ಲಾರಿಗಳಿಗೂ ನೆಟ್ಟಗೆ ದಾರಿ.

"ತಂಡದ ಫೋನು ಆ ಕೋಣಿಯಾಗ ಅದ್ರಿ ಗೌಡ್ರ. ಹುಡುಗ್ಯಾರು ಹೋದ್ರ..." ಎಂದು ನಾನು ಬಾಯಿ ತೆಗೆದೆ.

"ಗೊತ್ತದ" ಎಂದರು ಗೌಡರು ಕಿಟಕಿ ಕಡೆ ನೋಡುತ್ತ. "ಐದನೇ ವಿಷಯ ಮಾಡ್ರಿ. ಒಗ್ಗರಣಿ ಬಂದಾಗ ಓದ್ರಿ."

ಮಾವನವರು ಮೀಸೆಯಲ್ಲೇ ನಕ್ಕರು. ಹೊರಗೆ ಬಂದರೆ ಮುಖ್ಯಾಧಿಕಾರಿಗಳು ಕರೆದು, "ಮಾತು ಹೊರಗ ಹೋದ್ರ ನಿಮ್ಮಿಂದನ ಹೋತು ಅಂತ ತಿಳ್ಕೋತೀನಿ ಮೇಡಂ" ಎಂದರು. ನಡಾವಳಿ ಬರೆಯುವವರಿಗೆ ಸಭೆಯಲ್ಲಿ ಕೈ ಇದೆ, ಬಾಯಿ ಇಲ್ಲ. ಈಗ ಸಭೆಯ ಹೊರಗೂ ಇಲ್ಲವಾಯಿತು.

ಆ ಭಾನುವಾರ ತಂಡದ ಸಭೆಗೆ ಹೋಗಿ ಕಲ್ಲಿನಂತೆ ಕೂತೆ. ಪದ್ಮಾವತಿ ಹೊಸ ಪುಸ್ತಕಗಳಿಗೆ ನಂಬರ್ ಅಂಟಿಸುತ್ತಿದ್ದಳು. ಮೂಲೆಯಲ್ಲಿ ಒಬ್ಬ ಹುಡುಗಿ ಭೂಪಟದ ಮೇಲೆ ಬೆರಳಿಟ್ಟು ನದಿಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು. ಮಹಡಿಗೆ ಒಯ್ದರೆ ಇವರಲ್ಲಿ ಒಬ್ಬಳೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟು ದೂರದ ನಿರ್ಜನ ಕಟ್ಟಡಕ್ಕೆ ಯಾವ ತಾಯಿ ಕಳಿಸುತ್ತಾಳೆ? ಓದು ಬಿಡಿಸಿ ಮದುವೆ ಮಾಡುತ್ತಾರೆ. ಗುರುಬಸಯ್ಯನವರ ವಿದ್ಯೆ ನನ್ನ ಕೈಯಿಂದಲೇ ಇವರ ಕುತ್ತಿಗೆಗೆ ಬಂತಲ್ಲ ಎಂದು ಸಂಕಟಪಟ್ಟೆ.

ಸಭೆಯ ದಿನ ಬಂತು. ಈಗಿನ ಹಾಗೆ ಆಗಲೂ ನೋಟೀಸು ವಾಟ್ಸಾಪಿನಲ್ಲೇ ಹೋಗುತ್ತಿತ್ತು. ಮುಂಚೆ ಜವಾನ ಮನೆ ಮನೆಗೆ ಒಯ್ದು ಸಹಿ ಹಾಕಿಸುವಾಗ ಒಂದಿಬ್ಬರಾದರೂ ಓದುತ್ತಿದ್ದರು. ಈಗ ಎಲ್ಲರೂ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ. ಮೊದಲ ನಾಲ್ಕು ವಿಷಯಕ್ಕೆ ಗದ್ದಲವೋ ಗದ್ದಲ. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕರಿಬೇವಿನ ವಾಸನೆ ಬಂತು. ಎರಡು ಕೈಯಲ್ಲಿ ದೊಡ್ಡ ತಟ್ಟೆ ಹೊತ್ತು ಶರಣಪ್ಪ ಬಾಗಿಲಿಗೆ ಬಂದ. ಪುರಸಭೆಯ ಸಭೆ ಎಂದರೆ ಅವನು ತಾನೇ ಬರುತ್ತಿದ್ದ, ಯಾರ ಕೈಯಲ್ಲೂ ಕಳಿಸುತ್ತಿರಲಿಲ್ಲ.

ಗೌಡರು ನನ್ನ ಕಡೆ ನೋಡಿ ತಲೆಯಾಡಿಸಿದರು. ಹಾಳೆ ಕೈಗೆತ್ತಿಕೊಂಡಾಗ ನನಗೆ ಹೊಳೆಯಿತು. ಬೆಂಕಿ ತಂಡದ ವಿಷಯ ಓದುವ ಹೊತ್ತಿಗೆ ಒಳಗೆ ಬರುತ್ತಿರುವವನು ಬೆಂಕಿ ತಂಡದವನೇ! ನನಗೆ ಬಾಯಿ ಇಲ್ಲ, ನಿಜ. ಆದರೆ ಓದುವ ವೇಗ ನನ್ನದೇ ಅಲ್ಲವೇ? ಸಾಮಾನ್ಯವಾಗಿ ಐದನೇ ವಿಷಯವನ್ನು ಮಂತ್ರ ಹೇಳಿದ ಹಾಗೆ ಗಡಗಡ ಓದಿ ಮುಗಿಸುವವಳು ನಾನು. ಅಂದು ಶಾಲೆಯ ಮಕ್ಕಳಿಗೆ ಉಕ್ತಲೇಖನ ಹೇಳಿದ ಹಾಗೆ ಒಂದೊಂದೇ ಪದ ಬಿಡಿಸಿ, ದೊಡ್ಡ ದನಿಯಲ್ಲಿ ಓದಿದೆ. "ಸ್ವಯಂಸೇವಕ... ಬೆಂಕಿ... ತಂಡದ... ಉಪಯೋಗಕ್ಕಾಗಿ... ಗ್ರಂಥಾಲಯದ... ಓದುವ ಕೋಣೆಯನ್ನು... ತೆರವುಗೊಳಿಸುವ ಬಗ್ಗೆ."

ಶರಣಪ್ಪ ನಡು ಹಾಲಿನಲ್ಲಿ ನಿಂತುಬಿಟ್ಟ. "ಏನಂದ್ರಿ ಅಕ್ಕೋರೆ?"

"ನೀ ತಟ್ಟಿ ಹಂಚಪಾ" ಎಂದರು ಮಾವನವರ ಕಡೆಯ ಸದಸ್ಯ ಅಮರೇಶಪ್ಪ.

"ಇಲ್ರೀ, ನಮ್ಮ ತಂಡಕ್ಕ ಅಂದ್ರಲ್ಲ? ಆ ಕೋಣಿ ನಾವು ಯಾವಾಗ ಕೇಳೀವ್ರಿ? ನಮಗ ಬ್ಯಾಡ್ರಿ ಅದು."

"ಹೊರಗಿನವರು ಸಭಿಯಾಗ ಮಾತಾಡಂಗಿಲ್ಲ!" ಎಂದು ಅಮರೇಶಪ್ಪ ಗದರಿದರು.

ಮುಖ್ಯಾಧಿಕಾರಿಗಳು ನನ್ನ ಮುಖ ನೋಡಿದರು. "ಅಧ್ಯಕ್ಷರು ಒಪ್ಪಿದರ ಮಾತಾಡಬಹುದು ಸರ್" ಎಂದೆ. ಎಲ್ಲರೂ ಗೌಡರ ಕಡೆ ತಿರುಗಿದರು. ಗೌಡರು ಟವೆಲಿನಿಂದ ಹಣೆ ಒರೆಸಿಕೊಂಡು, "ಮಾತಾಡ್ಲಿ ಬಿಡ್ರಿ. ಅವರದ ವಿಷಯ" ಎಂದರು.

"ಬೆಂಕಿ ಬಿತ್ತಂದ್ರ ಫೋನ್ ಎತ್ತೋರು ಆ ಹುಡುಗ್ಯಾರ್ರಿ. ನಮ್ಮನ್ನೆಲ್ಲ ಕೂಡಸೋರು ಅವರ. ಅವರನ್ನ ಎಬ್ಬಿಸಿ ನಮ್ಮನ್ನ ಕೂಡ್ಸಿದ್ರ ಬರೇ ಟ್ಯಾಂಕರ್ ನಿಂತಿರ್ತದ್ರಿ ಅಲ್ಲಿ. ಅದನ್ನ ಕರಿಯೋರು ಯಾರು?" ಎಂದ ಶರಣಪ್ಪ. ತಟ್ಟೆ ಇನ್ನೂ ಅವನ ಕೈಯಲ್ಲೇ. ಸದಸ್ಯರ ಕಣ್ಣು ಅರ್ಧ ಅವನ ಮೇಲೆ, ಅರ್ಧ ಭಜಿಯ ಮೇಲೆ.

"ಲೈಬ್ರರಿಯಾಗ ಓದೋ ಹುಡುಗ್ಯಾರು ಬೆಂಕಿ ಆರಸ್ತಾರಂತ! ಕೇಳ್ರಿ ಹಕೀಕತ್!" ಎಂದು ಅಮರೇಶಪ್ಪ ನಕ್ಕರು.

ಆಗ ಮೂಲೆಯಿಂದ ಹನುಮವ್ವ ಎದ್ದರು. ಹೊಸ ಸದಸ್ಯೆ. ಅಲ್ಲಿಯವರೆಗೆ ಅವರ ಪರವಾಗಿ ಅವರ ಯಜಮಾನರೇ ಮಾತಾಡುತ್ತಿದ್ದರು. ಅಂದು ಯಜಮಾನರು ಬಂದಿರಲಿಲ್ಲ. "ಮಾತ್ಯಾಕ್ರಿ? ನಂಬರ್ ಹೇಳಪಾ ಶರಣಪ್ಪಣ್ಣ" ಎಂದು ಮೊಬೈಲ್ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು. "ಯವ್ವಾ, ಪುರಸಭಿಗೆ ಬೆಂಕಿ ಬಿದ್ದದ. ಜಲ್ದಿ!"

ಆ ಕಡೆಯಿಂದ ಒಂದು ಸಣ್ಣ ದನಿ, ಓದುವ ಕೋಣೆಯ ತಗ್ಗಿದ ದನಿ. "ಗಾಬರಿ ಆಗಬ್ಯಾಡ್ರಿ. ಎಲ್ಲಿ ಹತ್ತಿದ್ದು, ಕೆಳಗೋ ಮ್ಯಾಲೋ? ಒಳಗ ಮಂದಿ ಅದಾರೇನ್ರಿ? ಮೊದಲ ಕರೆಂಟ್ ಬಂದ್ ಮಾಡ್ರಿ. ಎಲ್ಲಾರೂ ಹೊರಗ ಬರ್ರಿ. ತಂಡ ಬರಾಕತ್ತದ."

ಬಾಗಿಲಲ್ಲಿ ನಿಂತಿದ್ದ ಜವಾನ ಆ ದನಿ ಕೇಳಿದ್ದೇ ಓಡಿಹೋಗಿ ಮೇನ್ ಸ್ವಿಚ್ ಎಳೆದುಬಿಟ್ಟ. ಫ್ಯಾನುಗಳು ನಿಂತವು. ಶರಣಪ್ಪನ ಅಂಗಿ ಕಿಸೆಯಲ್ಲಿ ಶಿವಭಜನೆ ಮೊಳಗಿತು. ಎರಡೂ ಕೈಯಲ್ಲಿ ತಟ್ಟೆ ಹಿಡಿದವನು ಕಿಸೆಯನ್ನು ನೋಡುವ, ನಮ್ಮನ್ನು ನೋಡುವ. "ಇವ್ರು ಬಿಡಂಗಿಲ್ರಿ, ಎತ್ತೋತನಕ ಮಾಡ್ತಾರ" ಎಂದ. ಸೆಕೆಗೆ ಬೆವರುತ್ತ ಸದಸ್ಯರು ನಗಲು ಶುರು ಮಾಡಿದರು. ಆ ನಗು ಮುಗಿಯುವ ಮುಂಚೆಯೇ ಅಂಗಳದಲ್ಲಿ ಟ್ಯಾಂಕರಿನ ಹಾರ್ನು. ಖಾಜಾಸಾಬರು ಪೈಪು ಎಳೆದುಕೊಂಡು ಮೆಟ್ಟಿಲು ಹತ್ತಿ ಬಂದು, "ಎಲ್ಲದಲೇ ಬೆಂಕಿ? ಸರೀರಿ ಎಲ್ಲಾರೂ!" ಎಂದು ತಮ್ಮ ಇಡೀ ಗಂಟಲು ತೆರೆದು ಕೂಗಿದರು. ಪೈಪಿನ ಬಾಯಿ ನೇರ ಅಮರೇಶಪ್ಪನವರ ಕಡೆ ಇತ್ತು.

"ಬಿಡಬ್ಯಾಡಪಾ, ಬಿಡಬ್ಯಾಡ! ನನಗ ತಿಳೀತು" ಎಂದು ಅಮರೇಶಪ್ಪ ಕುರ್ಚಿಯ ಹಿಂದೆ ಸರಿದರು.

ಆಮೇಲೆ ಯಾರೂ ಏನೂ ವಾದ ಮಾಡಲಿಲ್ಲ. ಗೌಡರು ನಗು ತಡೆದುಕೊಂಡು, "ಐದನೇ ವಿಷಯ ಕೈಬಿಡ್ರಿ. ಓದೋ ಕೋಣಿ ಅಲ್ಲೇ ಇರ್ಲಿ. ಫೋನೂ ಅಲ್ಲೇ ಇರ್ಲಿ. ಟ್ಯಾಂಕರಿಗೆ ನಮ್ಮ ಅಂಗಳದಾಗ ಒಂದು ತಗಡಿನ ಚಪ್ಪರ ಹಾಕೋಣಂತ ಬರ್ಕೋರಿ" ಎಂದರು. ಬರೆದುಕೊಂಡೆ.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಗೌಡರು ಹೊರ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಒಬ್ಬರೇ ಇದ್ದರು. ಗಂಟಲಿನ ಗುಂಡಿ ಬಿಚ್ಚಿ ದೊಡ್ಡ ಉಸಿರು ಬಿಟ್ಟು, "ಮಾವಗ ಹೋಗಿ ಹೇಳ್ತೀನಿ, ಸಭಿ ಒಪ್ಪಲಿಲ್ಲ ಅಂತ" ಎಂದರು.

"ಐದನೇ ವಿಷಯ ಆಗ ಓದಿಸಿದ್ದು ತಪ್ಪಾತಲ್ರೀ ಗೌಡ್ರ" ಎಂದು ನಾನು ಸುಮ್ಮನೆ ಉಪಚಾರಕ್ಕೆ ಅಂದೆ.

ಗೌಡರು ನನ್ನ ಮುಖವನ್ನೇ ನೋಡಿದರು. "ಒಗ್ಗರಣಿ ಯಾರು ತರ್ತಾರಂತ ನನಗ ಗೊತ್ತಿಲ್ಲೇನವ್ವಾ? ಉಂಡ ಮನಿ ಹಿರ್ಯಾಗ ನಾ ಇಲ್ಲ ಅನ್ನಾಕ ಆಗಲ್ಲ. ಯಾರರ ಅನ್ಲಿ ಅಂತ ಕಾಯಾಕತ್ತಿದ್ದೆ" ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಕಾರಿನ ಕಡೆ ನಡೆದರು. ಅಷ್ಟು ದಿನ ಅವರನ್ನು ಮನಸ್ಸಿನಲ್ಲೇ ಬೈದ ಬೈಗುಳವನ್ನೆಲ್ಲ ನಾನು ಅಲ್ಲೇ ವಾಪಸು ತೆಗೆದುಕೊಂಡೆ. ಹೊಸಬರಿಗೆ ಇದನ್ನೇ ಹೇಳುವುದು: ವಿಷಯ ತಂದವರೆಲ್ಲ ಅದು ಗೆಲ್ಲಲಿ ಎಂದೇ ತಂದಿರುತ್ತಾರೆ ಎಂದುಕೊಳ್ಳಬೇಡಿ. ಕೆಲವರು ಸೋಲಲು ಜಾಗ ಹುಡುಕುತ್ತಿರುತ್ತಾರೆ. ಅಂಥ ಹೊತ್ತಿಗೆ ನಿಧಾನವಾಗಿ ಓದಿ.

ಮನೆಗೆ ಹೋಗುವ ಮುಂಚೆ ಗ್ರಂಥಾಲಯಕ್ಕೆ ಹೋದೆ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಹುಡುಗಿಯರು ತಲೆ ತಗ್ಗಿಸಿ ಓದುತ್ತಿದ್ದರು, ಪದ್ಮಾವತಿ ಪತ್ರಿಕೆಗಳನ್ನು ಮಡಿಚಿಡುತ್ತಿದ್ದಳು. ತಮ್ಮ ಕೋಣೆ ಹೋಗುವುದಿತ್ತು ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಫೋನ್ ಎತ್ತಿದ ಹುಡುಗಿ ನನ್ನನ್ನು ಕಂಡು ಎದ್ದು ಬಂದಳು. ಮುಖ ಬಾಡಿತ್ತು.

"ಅಕ್ಕೋರೆ, ಖಾಜಾ ಕಾಕಾ ಅಲ್ಲಿ ಏನೂ ಇದ್ದಿದ್ದಿಲ್ಲ ಅಂತಾರ್ರಿ. ಪುರಸಭಿಗೆ ಖರೇನ ಬೆಂಕಿ ಬಿದ್ದಿತ್ತೇನ್ರಿ, ನಾನ ತಪ್ಪು ಕೇಳಿಸ್ಕೊಂಡೆನೋ?" ಎಂದು ಪಿಸುಗುಟ್ಟಿದಳು.

"ಬಿದ್ದಿತ್ತವ್ವಾ" ಎಂದೆ ನಾನೂ ಪಿಸುದನಿಯಲ್ಲೇ. "ಬರೋಬರಿ ಆರಿಸೀರಿ. ಹೋಗು, ಓದ್ಕೋ."